ಅವರಿಗಿಂತ ಎರಡು ಕಡಿಮೆ

ನಮ್ಮ ಯಜಮಾನರ ಅಣ್ಣ ಕಲ್ಯಾಣದುರ್ಗದಲ್ಲಿ ತೀರಿಕೊಳ್ಳುವ ಹೊತ್ತಿಗೆ ತಾವು ಹೆತ್ತ ಮಗಳನ್ನೇ ಯಾವೂರಮ್ಮ ನಿಂದು ಎಂದು ಕೇಳುತ್ತಿದ್ದರು. ನಾವು ಕೊನೆಯ ಸಲ ನೋಡಲು ಹೋದಾಗ ಭಾವ ಹಜಾರದ ಮಂಚದ ಮೇಲೆ ಕೂತಿದ್ದರು. ತಮ್ಮನನ್ನು ಕಂಡದ್ದೇ ಎದ್ದು ನಿಂತು ಕೈ ಮುಗಿದು, "ಬನ್ನಿ ಸ್ವಾಮಿ, ಕರೆಂಟ್ ಆಫೀಸ್ನೋರಲ್ವಾ? ಎರಡು ದಿನದಿಂದ ಫ್ಯೂಜ್ ಹೋಗೈತೆ" ಎಂದರು. ಯಜಮಾನರು ಕರೆಂಟ್ ಆಫೀಸಿನವರು ಹೌದು. ಮೂವತ್ತಾರು ವರ್ಷ ಕಂಬ ಹತ್ತಿ ಇಳಿದು, ಲೈನ್ ಇನ್‌ಸ್ಪೆಕ್ಟರ್ ಆಗಿ ಹಿಂದೂಪುರದಲ್ಲಿ ರಿಟೈರ್ ಆದವರು. ಭಾವನಿಗೆ ಅಷ್ಟು ನೆನಪಿತ್ತು. ತಾನು ಬೆನ್ನ ಮೇಲೆ ಹೊತ್ತು ಬೆಳೆಸಿದ ತಮ್ಮ ಅನ್ನುವುದು ಮಾತ್ರ ನೆನಪಿರಲಿಲ್ಲ. ಇವರು ಹೋಗಿ ಮೀಟರ್ ಬೋರ್ಡಿನ ಮುಂದೆ ನಿಂತರು. ಸರಿಯಾಗಿಯೇ ಇದ್ದ ಫ್ಯೂಜನ್ನು ಕಿತ್ತು, ಮತ್ತೆ ಅದರ ಜಾಗಕ್ಕೆ ಹಾಕಿ, ಆಯ್ತು ಎಂದು ಹೇಳಿ ಬಂದರು.

ವಾಪಸ್ಸು ಹಿಂದೂಪುರಕ್ಕೆ ಬರುವ ಬಸ್ಸಿನಲ್ಲಿ ಪಾವಗಡ ದಾಟಿದ ಮೇಲೆ ಅವರು ಕಿಟಕಿಯ ಕಡೆ ನೋಡಿಕೊಂಡೇ, "ನಮ್ಮಪ್ಪನೂ ಕೊನೆಗೆ ಹಿಂಗೇ ಆಗಿದ್ದ. ಈಗ ಅಣ್ಣ. ಇನ್ನು ನಾನು ಕಣೇ" ಎಂದರು.

ಯಾರಾದರೂ ಹೆದರಿದರೆ ಅವರನ್ನು ಗೇಲಿ ಮಾಡುವ ಕೆಟ್ಟ ಬುದ್ಧಿ ನನಗೆ ಮೊದಲಿನಿಂದಲೂ ಇದೆ. ಅರವತ್ತಕ್ಕೆ ಅರಳುಮರಳು ಅಂತ ಗಾದೆ, ನಿಮಗೆ ಅರವತ್ತನಾಲ್ಕು, ಆಗಲೇ ನಾಲ್ಕು ವರ್ಷ ಲೇಟು, ಇನ್ನು ಬರಲ್ಲ ಬಿಡಿ ಅಂದೆ. ಅವರು ನಗಲಿಲ್ಲ. ಮಡಕಶಿರಾದಲ್ಲಿ ಬಸ್ಸು ನಿಂತಾಗ ಇಳಿದು ಟೀ ಕುಡಿಯುವ ಅಭ್ಯಾಸ ಅವರಿಗೆ, ಅವತ್ತು ಇಳಿಯಲೂ ಇಲ್ಲ.

ನಿಜವಾಗಿ ನೋಡಿದರೆ ಅವರಿಗೆ ಏನೂ ಆಗಿರಲಿಲ್ಲ. ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ತಾರಸಿಯ ಮೇಲಿನ ನೀರಿನ ಟ್ಯಾಂಕು ತೊಳೆಯಲು ಆಳು ಕರೆಯುತ್ತಿರಲಿಲ್ಲ, ತಾವೇ ಹತ್ತುತ್ತಿದ್ದರು. ನನಗಾಗ ಅರವತ್ತು. ಮೂವತ್ತೆರಡು ವರ್ಷ ಗಡಿಯ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಮೇಡಂ ಆಗಿದ್ದು, ಮನೆಗೆ ಬಂದು ಕೂತಿದ್ದೆ. ಗಟ್ಟಿಮುಟ್ಟಾದ ಮುದುಕ ಮುದುಕಿ. ಆದರೂ ಆ ಬಸ್ಸಿನಿಂದ ಇಳಿದ ದಿನದಿಂದ ಅವರ ಮನಸ್ಸಿಗೆ ಹುಳ ಹೊಕ್ಕಿತು. ಬೆಳಿಗ್ಗೆ ವಾಕಿಂಗ್ ಹೋಗುವಾಗ ಹಳೆಯ ಸಹೋದ್ಯೋಗಿಗಳ ಹೆಸರನ್ನೆಲ್ಲ ಒಂದೊಂದಾಗಿ ಹೇಳಿಕೊಳ್ಳುವುದು, ಒಂದು ಹೆಸರು ಸಿಕ್ಕದಿದ್ದರೆ ಅದು ಸಿಗುವ ತನಕ ತಿಂಡಿ ತಿನ್ನದಿರುವುದು. ಒಂದು ದಿನ ಯಾವ ಕಾಲದ್ದೋ ಒಬ್ಬ ಎಂಜಿನಿಯರ್ ಹೆಸರಿಗಾಗಿ ಮಧ್ಯಾಹ್ನ ಮೂರರವರೆಗೆ ಉಪವಾಸ. ಇಡ್ಲಿ ತಟ್ಟೆಯಲ್ಲೇ ಒಣಗಿತು. ನಾನು ಬೈದೆ, ಅತ್ತುಬಿಟ್ಟೆ, ಕೊನೆಗೆ ನನಗೂ ಸಾಕಾಗಿ ಆ ಎಂಜಿನಿಯರ್ ಮನೆ ಎಲ್ಲಿತ್ತು ಎಂದು ಹುಡುಕಲು ಹೊರಟೆ.

ನಮಗೆ ಒಬ್ಬಳೇ ಮಗಳು. ಅವಳನ್ನು ಕಲ್ಯಾಣದುರ್ಗಕ್ಕೇ ಕೊಟ್ಟಿದ್ದೆವು. ಗಂಡ ಹೆಂಡತಿ ಸೇರಿ ಅಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುತ್ತಿದ್ದರು. ಅಪ್ಪನ ಅವಸ್ಥೆ ಫೋನಿನಲ್ಲಿ ಕೇಳಿ ಕೇಳಿ, ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಳು. ಟಿವಿಯಷ್ಟು ದಪ್ಪದ ಮಾನಿಟರ್ ಅದು. ಜೊತೆಗೆ ಒಂದು ಸಿ.ಡಿ. ವಯಸ್ಸಾದವರ ಮೆದುಳಿಗೆ ವ್ಯಾಯಾಮ, ಕಾಯಿಲೆ ಬರುವ ಮುಂಚೆ ಆರೋಗ್ಯವಾಗಿದ್ದಾಗಲೇ ದಿನಾ ಆಡಬೇಕು, ಕೈಕಾಲಿಗೆ ವಾಕಿಂಗ್ ಹೇಗೋ ತಲೆಗೆ ಇದು ಹಾಗೆ ಎಂದು ಅವಳು ವಿವರಿಸಿದಳು. ಯಜಮಾನರ ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಕಂಡಿತು. ಆ ಒಂದು ಯಂತ್ರಕ್ಕಾಗಿ ಅವರು ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಲು ಸುರಿದು ಬೇರೆ ಅರ್ಥಿಂಗ್ ಮಾಡಿಸಿದರು. ಸ್ಟೆಬಿಲೈಜರ್ ಇಟ್ಟರು. ಕರೆಂಟು ಹೋದರೆ ಆಟ ನಿಲ್ಲಬಾರದೆಂದು ಬ್ಯಾಟರಿ ಜೋಡಿಸಿದರು. ತಮ್ಮ ಇಲಾಖೆಯ ಪವರ್ ಕಟ್ಟನ್ನು ತಾವೇ ಬೈದದ್ದು ಜೀವಮಾನದಲ್ಲಿ ಅದೇ ಮೊದಲು.

ಸಿ.ಡಿ.ಯಲ್ಲಿ ಮೂರು ಆಟ ಇದ್ದವು. ಮುಚ್ಚಿದ ಚೌಕಗಳನ್ನು ಒಂದೊಂದಾಗಿ ತೆರೆದು ಜೋಡಿ ಚಿತ್ರ ಹುಡುಕುವುದು ಒಂದು. ಹತ್ತು ಹನ್ನೆರಡು ಚಿತ್ರ ತೋರಿಸಿ ಅಳಿಸಿಬಿಟ್ಟು, ಆಮೇಲೆ ರಾಶಿಯಲ್ಲಿ ಅವು ಯಾವುವೆಂದು ಆರಿಸುವುದು ಇನ್ನೊಂದು. ಬರಬರುತ್ತ ಬೇಗ ಬೇಗ ಬದಲಾಗುವ ಅಂಕಿಗಳನ್ನು ನೆನಪಿಟ್ಟು ಒತ್ತುವುದು ಮೂರನೆಯದು. ಕೊನೆಗೆ ನೂರಕ್ಕೆ ಎಷ್ಟು ಬಂತು ಎಂದು ತೋರಿಸುತ್ತಿತ್ತು. ಇಬ್ಬರ ಹೆಸರನ್ನೂ ಸೇರಿಸಬಹುದಿತ್ತು. ಅವರ ಹೆಸರಿಗೆ ನೀಲಿ ಗೆರೆ, ನನ್ನ ಹೆಸರಿಗೆ ಕೆಂಪು ಗೆರೆ. ದಿನಕ್ಕೊಂದು ಚುಕ್ಕೆ ಕೂಡಿ ಗೆರೆ ಮೇಲೇರುವುದೋ ಇಳಿಯುವುದೋ ಕಣ್ಣಿಗೆ ಕಾಣುತ್ತಿತ್ತು.

ಮೊದಲು ಅವರು ಆಡಿದರು, ಆಮೇಲೆ ನಾನು. ಹೀಗೇ ಆಗಬೇಕೆಂದು ಯಾರೂ ಹೇಳಲಿಲ್ಲ. ನಮ್ಮಮ್ಮ ಅಪ್ಪನ ಊಟ ಆದ ಮೇಲೆ ಉಣ್ಣುತ್ತಿದ್ದಳು, ನಮ್ಮತ್ತೆಯೂ ಅಷ್ಟೆ. ನಾನು ಶಾಲೆಯಲ್ಲಿ ಗಂಡು ಹೆಣ್ಣು ಸಮಾನ ಎಂಬ ಪಾಠವನ್ನು ಗಂಟಲು ಹರಿಯುವಂತೆ ಹೇಳಿ, ಮನೆಗೆ ಬಂದು ಅವರು ತಟ್ಟೆ ಬಿಟ್ಟು ಎದ್ದ ಮೇಲೆ ನನ್ನ ಮುದ್ದೆ ಬಡಿಸಿಕೊಂಡವಳು. ಊಟದ ಹಾಗೆಯೇ ಆಟವೂ ಆಯಿತು.

ಮೊದಲ ದಿನ ಅವರಿಗೆ ಐವತ್ತೆಂಟು ಬಂತು. ಪರವಾಗಿಲ್ಲವಲ್ಲ ಎಂದು ಮೀಸೆ ಸವರಿಕೊಂಡು ಎದ್ದರು. ನಾನು ಕೂತೆ. ಮಕ್ಕಳಿಗೆ ಪಾಠ ಹೇಳಿಕೊಡುವಾಗ ಬಳಸುತ್ತಿದ್ದ ಉಪಾಯ ಒಂದು ನನ್ನ ಹತ್ತಿರ ಇತ್ತು. ಬರುವ ಚಿತ್ರಗಳನ್ನೆಲ್ಲ ಒಂದು ಮದುವೆಗೆ ಹೊರಡಿಸುತ್ತಿದ್ದೆ. ಛತ್ರಿ ಹಿಡಿದವನು ಮಾವ, ಗಡಿಯಾರ ಅತ್ತೆ, ಏಡಿಯಂಥ ಅದ್ಯಾವುದೋ ಸಮುದ್ರದ ಪ್ರಾಣಿ ಜಗಳಗಂಟಿ ನಾದಿನಿ. ಒಂದಾದರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎಪ್ಪತ್ತೊಂದು ಬಂತು. ಯಜಮಾನರು ಹಿಂದೆ ನಿಂತು ನೋಡುತ್ತಿದ್ದರು. ಮೇಷ್ಟ್ರಮ್ಮನಿಗೆ ಬರದೆ ಇನ್ಯಾರಿಗೆ ಬರಬೇಕು ಎಂದು ನಕ್ಕರು. ಮಧ್ಯಾಹ್ನ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟರು.

ಮಾರನೆಯ ದಿನ ಅವರಿಗೆ ಐವತ್ತೇಳು. ನಾನು ಐವತ್ತೈದಕ್ಕೆ ನಿಲ್ಲಿಸಿದೆ. ಅವತ್ತು ಪೂರ್ತಿ ಉಂಡರು, ಮೇಲೆ ಮಜ್ಜಿಗೆಯನ್ನೂ ಕೇಳಿ ಹಾಕಿಸಿಕೊಂಡರು. ಅಲ್ಲಿಗೆ ಲೆಕ್ಕ ಗೊತ್ತಾಯಿತು. ಅವರಿಗಿಂತ ಎರಡು ಕಡಿಮೆ. ಬೇಕೆಂದು ಸೋಲುವುದು ಸುಲಭ ಎಂದು ಯಾರೂ ತಿಳಿಯಬಾರದು. ಸರಿ ಉತ್ತರ ಗೊತ್ತಿದ್ದವಳಿಗೆ ಮಾತ್ರ ಇಷ್ಟೇ ತಪ್ಪು, ಇನ್ನು ಸಾಕು ಎಂದು ಅಳೆಯಲು ಸಾಧ್ಯ. ಮೂವತ್ತೆರಡು ವರ್ಷ ಮಕ್ಕಳಿಗೆ ಮಾರ್ಕ್ಸ್ ಹಾಕಿದ ಕೈ ಇದು, ಸಾರಿಗೆ ಉಪ್ಪು ಹಾಕಿದಷ್ಟೇ ಸಲೀಸಾಗಿ ಹಾಕಿತು. ನನಗೆ ಹೆಮ್ಮೆ ಕೂಡ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಮೊದಲ ಆರು ತಿಂಗಳು ನಮ್ಮ ಮನೆಯಲ್ಲಿ ಹಬ್ಬ. ನೀಲಿ ಗೆರೆ ಏರುತ್ತ ಏರುತ್ತ ಎಪ್ಪತ್ತನಾಲ್ಕು ಮುಟ್ಟಿತು. ಕೆಂಪು ಗೆರೆ ಅದರ ಕೆಳಗೇ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದಿತು. ಹುಣಸೆಹಣ್ಣಿನ ಮಂಡಿಯ ಹತ್ತಿರ ಸೇರುತ್ತಿದ್ದ ರಿಟೈರ್ಡ್ ಗೆಳೆಯರಿಗೆಲ್ಲ ಅವರು ತಮ್ಮ ಮೆದುಳಿನ ಸುದ್ದಿ ಹೇಳಿದ್ದೇ ಹೇಳಿದ್ದು. ನನಗೂ ಧೈರ್ಯ ತುಂಬುತ್ತಿದ್ದರು. ನೀನೂ ಮೇಲೆ ಬತ್ತಾ ಇದೀಯ ಕಣೇ, ಇನ್ನೊಂದು ಸ್ವಲ್ಪ ಮನಸ್ಸಿಡು ಎನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಹೂಂ ಅನ್ನುತ್ತಿದ್ದೆ. ಒಳಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಅವು ನಮ್ಮ ಮದುವೆಯಾದ ಹೊಸದರ ದಿನಗಳಿಗಿಂತ ಚೆನ್ನಾಗಿದ್ದವು ಅನ್ನಿಸುತ್ತದೆ.

ಎರಡನೆಯ ವರ್ಷ ಗೆರೆ ಇಳಿಯತೊಡಗಿತು. ಎಪ್ಪತ್ತು, ಅರವತ್ತೇಳು, ಅರವತ್ತೆರಡು. ಅವರು ಮೌಸನ್ನು ಬೈದರು, ಕಿಟಕಿಯ ಬೆಳಕನ್ನು ಬೈದರು, ವೋಲ್ಟೇಜ್ ಕಡಿಮೆ ಎಂದು ಟೆಸ್ಟರ್ ಹಿಡಿದು ಇಡೀ ಮನೆ ಸುತ್ತಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಬಾಯಿ ತಪ್ಪಿ ಅಂದುಬಿಟ್ಟೆ. ಅವರು ನನ್ನ ಕಡೆ ತಿರುಗಿ ನೋಡಿದ ನೋಟ ಹೇಗಿತ್ತೆಂದರೆ, ಆಮೇಲೆ ಎಂದೂ ಆ ಯಂತ್ರದ ವಿಷಯದಲ್ಲಿ ಗೇಲಿ ಮಾಡಲಿಲ್ಲ. ಕಣ್ಣಿನ ದೋಷ ಇರಬೇಕೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊಸ ಕನ್ನಡಕ ಬಂತು, ಗೆರೆ ಮಾತ್ರ ಏಳಲಿಲ್ಲ. ವಯಸ್ಸು ಅಂದಮೇಲೆ ಇಷ್ಟು ಇಳಿಯುವುದು ಇದ್ದದ್ದೇ ಎಂದು ನಾನು ನನಗೇ ಹೇಳಿಕೊಂಡೆ. ನನ್ನ ಗೆರೆಯನ್ನೂ ಅವರ ಹಿಂದೆಯೇ ಇಳಿಸುತ್ತ ಹೋದೆ.

ಅವರು ಬೆಳಿಗ್ಗೆ ಒಂದು ಸಲ ಆಡುತ್ತಿದ್ದವರು ಸಂಜೆಯೂ ಕೂರತೊಡಗಿದರು. ಕುರ್ಚಿಯಿಂದ ಎದ್ದಾಗ ಬನಿಯನ್ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಸಾಕು ಬಿಡಿ, ಈ ಪೆಟ್ಟಿಗೆಯನ್ನು ಮಗಳಿಗೆ ವಾಪಸ್ಸು ಕಳಿಸೋಣ ಅಂದರೆ, ಬಿಟ್ಟರೆ ಅಣ್ಣನ ಹಂಗಾಗ್ತೀನಿ ಎಂದು ಗದರುತ್ತಿದ್ದರು. ನನ್ನ ಕೈಯಲ್ಲಿ ಇದ್ದದ್ದು ಒಂದೇ ಔಷಧ. ಎರಡು ಕಡಿಮೆ ಸಾಲದೆಂದು ನಾಲ್ಕು ಕಡಿಮೆ ಮಾಡಿದೆ, ಆಮೇಲೆ ಎಂಟು. ನನಗಿಂತ ಇವಳದ್ದು ಕಡೆ ಎಂಬ ಸಮಾಧಾನವಾದರೂ ಸಿಗಲಿ ಎಂದು. ನಾನು ಮಾಡಿದ ದೊಡ್ಡ ತಪ್ಪು ಇದು. ಬೇರೆ ಯಾವ ದೇಶದ ಹೆಂಗಸಾದರೂ ಕೂತು ತನ್ನ ಆಟ ತಾನು ಆಡಿ ಎದ್ದು ಹೋಗುತ್ತಿದ್ದಳೇನೋ.

ಒಂದು ಬೆಳಿಗ್ಗೆ ಅವರಿಗೆ ನಲವತ್ತೊಂಬತ್ತು ಬಂತು. ಐವತ್ತರ ಕೆಳಗೆ ಇಳಿದದ್ದು ಅದೇ ಮೊದಲು. ನಾನು ಕೂತು ಮೂವತ್ತೆಂಟು ಮಾಡಿದೆ. ಈಗ ನಿಟ್ಟುಸಿರು ಬಿಡುತ್ತಾರೆ, ಹೋಗಲಿ ಬಿಡು ಅನ್ನುತ್ತಾರೆ ಎಂದು ಕಾದೆ. ತಿರುಗಿ ನೋಡಿದರೆ ಅವರ ಮುಖ ಬಿಳಿಚಿತ್ತು. ಪಾವಗಡದ ಬಸ್ಸಿನಲ್ಲಿ ತಮ್ಮ ಬಗ್ಗೆ ಹೆದರಿದ್ದರಲ್ಲ, ಅದು ಇದರ ಮುಂದೆ ಏನೂ ಅಲ್ಲ. ಈಗ ಅವರು ಹೆದರಿದ್ದು ನನಗಾಗಿ.

ಅವತ್ತೇ ಮಗಳಿಗೆ ಫೋನ್ ಮಾಡಿದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತು ಕೇಳಿಸಿಕೊಂಡೆ. "ನಿಮ್ಮಮ್ಮಂಗೆ ಸುರುವಾಗ್ಬುಟ್ಟೈತೆ ಕಣಮ್ಮ. ಅಣ್ಣಂಗೆ ಬಂದಿದ್ದೇ. ನಾನು ನನ್ ಚಿಂತೇಲಿ ಇದ್ಬುಟ್ಟೆ, ಇವಳ ಕಡೆ ನೋಡ್ನೇ ಇಲ್ಲ" ಎನ್ನುತ್ತಿದ್ದರು. ದನಿ ಒಡೆದಿತ್ತು.

ಆಗಲೇ ಹೊರಗೆ ಹೋಗಿ, ರೀ, ನಾನು ಬೇಕೆಂದು ಸೋತದ್ದು ಅನ್ನಬೇಕಿತ್ತು. ಎರಡು ಹೆಜ್ಜೆ ಹೋದೆ ಕೂಡ. ಹೇಳಿದರೆ ಅವರಿಗೆ ಉಳಿಯುವುದು ಏನು? ತಮ್ಮ ಇಳಿದ ಗೆರೆಯೊಂದೇ, ಅದರ ಜೊತೆಗೆ ಎರಡು ವರ್ಷ ಹೆಂಡತಿ ಮಗುವನ್ನು ಆಡಿಸಿದಂತೆ ತಮ್ಮನ್ನು ಆಡಿಸಿದಳು ಎಂಬ ಅವಮಾನ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು. ಇನ್ನೊಂದು ಕಾರಣವೂ ಇತ್ತು, ನಾಚಿಕೆ ಬಿಟ್ಟು ಬರೆಯುತ್ತೇನೆ. ಅವತ್ತು ರಾಗಿ ಹಿಟ್ಟು ಬೀಸಿಸಲು ಅವರೇ ಡಬ್ಬಿ ಹೊತ್ತುಕೊಂಡು ಮಿಲ್ಲಿಗೆ ಹೋದರು. ನನ್ನ ತಲೆಗೆ ಎಣ್ಣೆ ಹಚ್ಚಿದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಇರಲಿ, ನಾಳೆ ಹೇಳಿದರಾಯಿತು ಎಂದುಕೊಂಡೆ.

ನಾಳೆ ನಾಳೆ ಎಂದು ದಿನ ಕಳೆದವು. ಅವರು ತಮ್ಮ ಆಟವನ್ನು ನಿಲ್ಲಿಸಿಯೇಬಿಟ್ಟರು. ನಂದು ಇರ್ಲಿ, ಮೊದಲು ನಿಂದು ನೋಡಣ ಎಂದು ನನ್ನನ್ನು ಕೂರಿಸಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ನೀಲಿ ಗೆರೆ ನಲವತ್ತೊಂಬತ್ತರಲ್ಲಿ ನಿಂತುಹೋಯಿತು. ಅಲ್ಲಿಂದಾಚೆಗೆ ಅದು ಎಷ್ಟು ಇಳಿಯುತ್ತಿತ್ತೆಂದು ನೋಡುವವರು ಯಾರೂ ಇರಲಿಲ್ಲ.

ನೋಡುವ ಕಣ್ಣಿದ್ದರೆ ಬೇರೆ ಕಡೆ ಕಾಣುತ್ತಿತ್ತು. ನನಗೆ ಮರೆಯದಿರಲೆಂದು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ತೊಗರಿಬೇಳೆಗೆ ಕಡಲೆಬೇಳೆ ಎಂದು ಬರೆದಿದ್ದರು. ಗಂಡಸರಿಗೆ ಬೇಳೆ ಎಲ್ಲಿ ಗೊತ್ತಾಗುತ್ತದೆ ಎಂದು ನಾನು ಸುಮ್ಮನಾದೆ. ತರಕಾರಿಗೆ ಹೊರಟರೆ ಮನೆಯ ಫೋನ್ ನಂಬರ್ ಬರೆದ ಚೀಟಿಯನ್ನು ನನ್ನ ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸುತ್ತಿದ್ದರು. ಒಂದು ದಿನ ತೆಗೆದು ನೋಡಿದರೆ ಅದು ನಾವು ಹದಿನೈದು ವರ್ಷದ ಹಿಂದೆ ಇದ್ದ ಬಾಡಿಗೆ ಮನೆಯ ನಂಬರು. ಗಡಿಬಿಡಿಯಲ್ಲಿ ಬರೆದಿದ್ದಾರೆ ಎಂದುಕೊಂಡೆ. ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅನ್ನುವ ಹಾಗೆ, ಊರ ಮಕ್ಕಳ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದವಳಿಗೆ ಮನೆಯಲ್ಲಿನ ತಪ್ಪು ಕಾಣಲಿಲ್ಲ. ಕಾಣಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ, ಕಂಡದ್ದಕ್ಕೆಲ್ಲ ನಾನು ಒಂದೊಂದು ನೆಪ ಹುಡುಕಿ ಕೊಟ್ಟೆ.

ಈ ಬಾವಿಯಿಂದ ಮೇಲೆ ಬರಲು ಒಂದು ಪ್ರಯತ್ನವನ್ನೂ ಮಾಡಿದೆ. ದಿನಕ್ಕೆ ಎರಡು ಮೂರರಂತೆ ನನ್ನ ಗೆರೆಯನ್ನು ಏರಿಸಿದೆ. ನೋಡ್ದಾ, ನೋಡ್ದಾ ಎಂದು ಅವರು ನನ್ನ ಬೆನ್ನು ತಟ್ಟುತ್ತಿದ್ದರು. ಅರವತ್ತು ದಾಟಿದ ದಿನ, ಇನ್ನು ನನಗೇನೂ ಇಲ್ಲ, ಈಗ ನೀವೂ ಒಂದು ಸಲ ಆಡಿ ಅಂದೆ. ಅವರು ಖುಷಿಯಿಂದಲೇ ಕೂತರು. ಚಿತ್ರಗಳು ಬಂದವು, ಹೋದವು. ರಾಶಿಯಲ್ಲಿ ಆರಿಸುವ ಹೊತ್ತಿಗೆ ಅವರ ಕೈ ಮೌಸಿನ ಮೇಲೆ ಹಾಗೇ ನಿಂತಿತು. ತೆರೆಯ ಮೇಲಿದ್ದ ಛತ್ರಿಯನ್ನು ನೋಡುತ್ತ, ಇದು, ಇದು ಎಂದರು. ಮುಂದಿನದು ಬರಲಿಲ್ಲ. ಕೊನೆಗೆ ಇಪ್ಪತ್ತಾರು ಎಂದು ತೋರಿಸಿತು. ಅವರು ಎದ್ದು ಹೋಗಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ನಾನು ಓಡಿಹೋಗಿ ನನ್ನ ಆಟ ಆಡಿದೆ. ಹದಿನೆಂಟು ಮಾಡಿ, ಅವರನ್ನು ಕೂಗಿ ಕರೆದು ತೋರಿಸಿದೆ. ಬಂದು ನೋಡಿದರು. ಯಂತ್ರವೇ ಕೆಟ್ಟಿರಬೇಕೆಂದು ಅವರ ಬಾಯಲ್ಲಿ ಹೇಳಿಸಬಹುದು ಎಂದು ನನ್ನ ಆಸೆ. ಅವರು ಹಾಗೆ ಹೇಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ಡಾಕ್ಟರಿಗೆ ತೋರಿಸಣ ನಡಿ ಎಂದರು.

ಭಾನುವಾರಗಳಲ್ಲಿ ಬೆಂಗಳೂರಿನಿಂದ ಹಿಂದೂಪುರಕ್ಕೆ ನರರೋಗದ ಡಾಕ್ಟರೊಬ್ಬರು ಬರುತ್ತಿದ್ದರು. ಮಗಳು ಕಲ್ಯಾಣದುರ್ಗದಿಂದ ಹಿಂದಿನ ದಿನವೇ ಬಂದಳು. ಅಪ್ಪ ಸ್ನಾನಕ್ಕೆ ಹೋದಾಗ ನನ್ನನ್ನು ಹಿಡಿದುಕೊಂಡು ನಿಜ ಹೇಳಮ್ಮ, ನಿನಗೆ ಮರೆವಾಗ್ತಾ ಐತಾ ಎಂದು ಕೇಳಿದಳು. ವಯಸ್ಸಾಯ್ತಲ್ಲ ಎಂದು ತೇಲಿಸಿದೆ. ಅವಳಿಗೆ ಹೇಳಿದರೆ ಅಪ್ಪನಿಗೆ ತಲುಪುತ್ತದೆ. ನನ್ನ ಯೋಚನೆ ಬೇರೆ ಇತ್ತು. ಡಾಕ್ಟರು ಕೇಳಿದ್ದಕ್ಕೆಲ್ಲ ಟಕಟಕ ಉತ್ತರ ಹೇಳುವುದು, ಈಯಮ್ಮನಿಗೆ ಏನೂ ಇಲ್ಲ ಎಂದು ಅವರ ಬಾಯಿಂದಲೇ ಹೇಳಿಸುವುದು, ಮನೆಗೆ ಬಂದು ಆ ಯಂತ್ರಕ್ಕೆ ಬಟ್ಟೆ ಮುಚ್ಚಿಬಿಡುವುದು. ಯಾರಿಗೂ ಅವಮಾನವಿಲ್ಲದೆ ಮುಗಿಯುತ್ತದೆ. ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಡಾಕ್ಟರ ಕೋಣೆ ಇಕ್ಕಟ್ಟಾಗಿತ್ತು. ಮಗಳನ್ನು ಹೊರಗೆ ಕೂರಿಸಿ ನಮ್ಮಿಬ್ಬರನ್ನೇ ಒಳಗೆ ಬಿಟ್ಟರು. ನಾನು ಡಾಕ್ಟರ ಎದುರಿಗೆ, ಯಜಮಾನರು ಡಾಕ್ಟರ ಹಿಂಬದಿಯ ಬೆಂಚಿನಲ್ಲಿ, ನನ್ನ ಕಡೆ ಮುಖ ಮಾಡಿಕೊಂಡು. ಪರೀಕ್ಷೆ ಬರೆಯುವ ಮಗುವಿನ ತಂದೆ ಕಿಟಕಿಯಲ್ಲಿ ನಿಂತಿರುತ್ತಾನಲ್ಲ, ಹಾಗೆ ಕೂತಿದ್ದರು. ಡಾಕ್ಟರು ಸಣ್ಣ ವಯಸ್ಸಿನವರು, ನಯವಾಗಿ ಮಾತಾಡಿದರು. ಮೊದಲು, ಇದು ಯಾವ ತಿಂಗಳಮ್ಮ ಎಂದು ಕೇಳಿದರು.

ದೀಪಾವಳಿ ಮುಗಿದು ಎರಡು ವಾರ ಆಗಿತ್ತು. ನವೆಂಬರ್ ಎಂದು ಹೇಳಲು ಬಾಯಿ ತೆರೆದೆ. ಡಾಕ್ಟರ ಹಿಂದೆ ಯಜಮಾನರ ತುಟಿ ಅಲುಗಿತು. ನನಗೆ ಸಹಾಯ ಮಾಡಲೆಂದು, ಸದ್ದಿಲ್ಲದೆ, ಹೇಳಿಕೊಡುತ್ತಿದ್ದರು. ಜೂನ್ ಎನ್ನುತ್ತಿದ್ದರು.

ತಪ್ಪಾಗಿ ನೋಡಿದೆನೇನೋ ಎಂದು ಮತ್ತೆ ನೋಡಿದೆ. ಜೂನ್. ಮೌಸು, ಕನ್ನಡಕ, ವಯಸ್ಸು, ಗಡಿಬಿಡಿ, ನಾನು ಹುಡುಕಿಕೊಟ್ಟ ನೆಪಗಳೆಲ್ಲ ಆ ಒಂದು ಕ್ಷಣದಲ್ಲಿ ಉದುರಿದವು. ಭಾವನ ಮನೆಯ ಹಜಾರ ಕಣ್ಣ ಮುಂದೆ ಬಂತು. ನನಗೆ ಏನೂ ಇಲ್ಲವೆಂದು ತಿಳಿಯಲು ಆ ಕೋಣೆಗೆ ಹೋದವಳು, ಅವರಿಗೆ ಏನಾಗಿದೆ ಎಂದು ತಿಳಿದುಕೊಂಡೆ. ಅವರು ನನ್ನನ್ನೇ ನೋಡುತ್ತಿದ್ದರು. ಹೇಳು, ಗೊತ್ತು ನಿನಗೆ, ಹೇಳು ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

"ಜೂನ್" ಅಂದೆ.

ಅವರ ಮುಖ ಅರಳಿತು. ಮುಂದೆ ಡಾಕ್ಟರು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು, ಆಮೇಲೆ ನೂರರಿಂದ ಏಳೇಳು ಕಳೆಯಲು ಹೇಳಿದರು. ತೊಂಬತ್ತಮೂರು ಆದ ಮೇಲೆ ಯಜಮಾನರ ತುಟಿ ಎಂಬತ್ತನಾಲ್ಕು ಎಂದಿತು, ನಾನೂ ಎಂಬತ್ತನಾಲ್ಕು ಎಂದೆ. ಆ ಮೂರು ಪದ ಯಾವುವೆಂದು ಡಾಕ್ಟರು ಕೊನೆಗೆ ಕೇಳಿದಾಗ ಯಜಮಾನರು ಒಂದನ್ನು ಹೇಳಿಕೊಟ್ಟರು, ಆಮೇಲೆ ಕಣ್ಣು ಪಿಳಿಪಿಳಿ ಬಿಟ್ಟರು. ನಾನೂ ಒಂದನ್ನು ಹೇಳಿ ನಿಲ್ಲಿಸಿದೆ. ಉಳಿದೆರಡು ನನ್ನ ನಾಲಿಗೆಯ ತುದಿಯಲ್ಲಿದ್ದವು. ಈಗಲೂ ಇವೆ, ಕುರ್ಚಿ, ನದಿ. ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಯಜಮಾನರ ತಪ್ಪನ್ನು ಪರರ ಮುಂದೆ ತೋರಿಸದೆ ಬದುಕಿದ ಬಾಯಿ ತಾನಾಗಿ ಅವರ ಹಿಂದೆ ಹೋಯಿತು. ಅವತ್ತಿನ ಹಾಗೆ ನನ್ನ ಬಾಯಿಯ ಮೇಲೆ ನನಗೆ ಎಂದೂ ಅಷ್ಟು ಸಿಟ್ಟು ಬಂದಿಲ್ಲ.

ಡಾಕ್ಟರು ನನ್ನ ಹೆಸರಿಗೆ ಮಾತ್ರೆ ಬರೆದುಕೊಟ್ಟರು. ಹೊರಗೆ ಮಗಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಟೋದಲ್ಲಿ ಎಲ್ಲರ ಎದುರಿಗೇ ಯಜಮಾನರು ನನ್ನ ಕೈ ಹಿಡಿದು ಕೂತಿದ್ದರು. ಆ ಕೈಯನ್ನು ಬಿಡಿಸಿಕೊಂಡು ನಿಜ ಹೇಳುವ ಶಕ್ತಿ ನನಗೆ ಬರಲಿಲ್ಲ.

ಇನ್ನು ಹೆಚ್ಚು ಎಳೆಯುವುದಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಅವರು ನನಗೆ ಮಾತ್ರೆ ಕೊಡುವುದು, ನಾನು ಕೆನ್ನೆಯಲ್ಲಿ ಇಟ್ಟುಕೊಂಡು ದಾಸವಾಳದ ಗಿಡದ ಬುಡಕ್ಕೆ ಉಗುಳುವುದು, ಹೀಗೆ ಒಂದು ವರ್ಷದ ಮೇಲೆ ಸಾಗಿತು. ಅಷ್ಟು ದಿನವೂ ನಾನು ಇವತ್ತು ಮಗಳಿಗೆ ಫೋನ್ ಮಾಡುತ್ತೇನೆ, ಇವತ್ತು ಮಾಡುತ್ತೇನೆ ಎಂದು ರಿಸೀವರ್ ಎತ್ತಿ ಇಟ್ಟಿದ್ದೇನೆ. ಒಂದು ಮಧ್ಯಾಹ್ನ ಅವರು ತಾವೇ ಕಂಬ ನೆಡಿಸಿದ ಬೀದಿಯಲ್ಲಿ ಮನೆ ಸಿಕ್ಕದೆ ಬಿಸಿಲಲ್ಲಿ ನಿಂತಿದ್ದರಂತೆ, ಹಳೆಯ ಲೈನ್‌ಮನ್ ಒಬ್ಬ ಕರೆತಂದು ಬಿಟ್ಟ. ಅವತ್ತು ಮಗಳಿಗೆ ಎಲ್ಲವನ್ನೂ ಹೇಳಿದೆ, ಐವತ್ತೈದಕ್ಕೆ ನಿಲ್ಲಿಸಿದ ದಿನದಿಂದ ಹಿಡಿದು. ಅವಳು ಕೂಗಾಡಲಿಲ್ಲ.

"ನೀನು ನಿನ್ನಾಟ ಸರಿಯಾಗಿ ಆಡಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲಮ್ಮ" ಅಂದಳು. "ಗೆಲ್ಲಕ್ಕೆ ಏನಾಗಿತ್ತು ನಿಂಗೆ?"

ಅದೇ ಡಾಕ್ಟರ ಹತ್ತಿರ ಈ ಸಲ ಅವರನ್ನು ಕರೆದೊಯ್ದೆವು. ಇದು ವಾಸಿಯಾಗುವ ಕಾಯಿಲೆಯಲ್ಲ, ಸ್ವಲ್ಪ ಮುಂಚೆ ಬಂದಿದ್ದರೆ ಕೆಲವು ಕಾಲ ತಡೆದು ನಿಲ್ಲಿಸಬಹುದಿತ್ತೇನೋ ಎಂದರು. ಆ ಸ್ವಲ್ಪ ಎಷ್ಟು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮೊದಲು ನನಗೆ ಬರೆದಿದ್ದ ಮಾತ್ರೆಯನ್ನೇ ಅವರಿಗೂ ಬರೆದರು. ಹಿಂದೂಪುರದ ಮನೆಗೆ ಬೀಗ ಹಾಕಿ ಮಗಳು ನಮ್ಮಿಬ್ಬರನ್ನೂ ಕಲ್ಯಾಣದುರ್ಗಕ್ಕೆ ಕರೆದುಕೊಂಡು ಬಂದಳು.

ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಮಗಳು ಅಳಿಯ ಅಂಗಡಿಗೆ ಹೋಗಿದ್ದರು. ಅವರಿಗೆ ನನ್ನ ಹೆಸರು ಆಗೀಗ ತಪ್ಪುತ್ತಿತ್ತು, ಅವತ್ತು ಸರಿಯಾಗಿ ಕರೆದರು. ಇನ್ನು ಈ ದಿನ ಬಿಟ್ಟರೆ ಕೇಳಲು ಅವರೇ ಉಳಿಯುವುದಿಲ್ಲ ಅನ್ನಿಸಿತು. ಅವರ ಎದುರಿಗೆ ಕೆಳಗೆ ಕೂತು, ಕಾಲು ಹಿಡಿದುಕೊಂಡು ಹೇಳಿದೆ. "ನಂಗೇನೂ ಆಗಿರ್ಲಿಲ್ಲ ರೀ. ನಾನು ಬೇಕಂತ ಸೋತೆ, ದಿನಾ ಸೋತೆ. ಆಗಿದ್ದು ನಿಮ್ಗೆ. ನನ್ನಿಂದ ಯಾರ್ಗೂ ಗೊತ್ತಾಗ್ಲಿಲ್ಲ."

ಅವರು ಪೂರ್ತಿ ಕೇಳಿದರು. ಆಮೇಲೆ ಬಗ್ಗಿ ನನ್ನ ಕಣ್ಣು ಒರೆಸಿದರು.

"ಹಂಗೇ ಅನ್ನಿಸ್ತದೆ ಕಣೇ" ಎಂದರು. "ಅಣ್ಣನೂ ಹಂಗೇ ಅಂತಿದ್ದ, ನಂಗೇನಾಗೈತೆ, ನಿಮ್ಗೇ ತಲೆ ಕೆಟ್ಟೈತೆ ಅಂತ. ಕಾಯಿಲೆ ಹಂಗೆ ಹೇಳಿಸ್ತದೆ. ನೀನೇನೂ ಹೆದ್ರಬ್ಯಾಡ, ನಾನಿದೀನಲ್ಲ."

ಎದ್ದು ಒಳಗೆ ಹೋದರು. ಬೆಳಿಗ್ಗೆ ಮಗಳು ಅವರಿಗೆ ಕೊಟ್ಟಿದ್ದ, ಇದು ನಿಮ್ಮಮ್ಮಂದು, ನಂದಲ್ಲ ಎಂದು ಅವರು ಹಟ ಹಿಡಿದು ಕಿಟಕಿಯಲ್ಲಿ ಇಟ್ಟಿದ್ದ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದರು. ಅದು ನಿಮ್ಮ ಮಾತ್ರೆ, ನೀವು ತಗೊಳ್ಳಿ ಎಂದು ಕೈ ಮುಗಿದೆ. ಅವರು ನನ್ನ ಗಲ್ಲ ಹಿಡಿದು ಬಾಯಿಗೆ ಹಾಕಿದರು. ನೀರು ಕುಡಿಸಿದರು. ನುಂಗಿದೆನೋ ಇಲ್ಲವೋ ಎಂದು ಬಾಯಿ ತೆರೆಯಲು ಹೇಳಿದರು. ತೆರೆದು ತೋರಿಸಿದೆ.